ಹತ್ತೊಂಬತ್ತು ಡಬ್ಬಿ, ಒಂದು ನ್ಯಾಟ್: ಗಟ್ಟಿಯಾದ ಎನಾಮೆಲ್ ಬಣ್ಣಗಳ ಪ್ರಕರಣ

ಅಟ್ಟದ ಮೇಲೆ ಗಟ್ಟಿಯಾಗಿದ್ದ ಹಳೆಯ ಬಣ್ಣಗಳನ್ನು ಬದುಕಿಸಿ ಒಂದು ಪುಟ್ಟ ಮಾದರಿ ವಿಮಾನಕ್ಕೆ ಬಳಿದ ಕತೆ ಇದು. ಇಲ್ಲಿ ಬರುವವರ ಹೆಸರು, ಬಡಾವಣೆ, ಗುರುತು ಹಿಡಿಯಬಹುದಾದ ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ಯಾವ ಡಬ್ಬಿಗೆ ಏನು ಹಾಕಿದೆವು, ಎಲ್ಲಿ ಎಡವಿದೆವು ಅನ್ನುವುದು ಮಾತ್ರ ನಡೆದಂತೆಯೇ ಇದೆ.

ಹಿನ್ನೆಲೆ

ಹಿರಿಯರು ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು. 1970ರ ದಶಕದ ಶುರುವಿನಲ್ಲಿ ಕೆಲಸಕ್ಕೆ ಸೇರಿದಾಗ ನ್ಯಾಟ್ ಯುದ್ಧವಿಮಾನ ಬೆಂಗಳೂರಿನಲ್ಲೇ ತಯಾರಾಗುತ್ತಿತ್ತು. ಅವರ ಕೈ ಬಹುಕಾಲ ಪಳಗಿದ್ದು ಅದರ ಆರ್ಫಿಯಸ್ ಎಂಜಿನ್ನಿನ ಸುತ್ತಮುತ್ತ. ಅದೇ ಎಂಜಿನ್ ಎರಡೆರಡು ಸೇರಿ ಮಾರುತ್ ವಿಮಾನಕ್ಕೂ ಹೋಗುತ್ತಿತ್ತು ಎಂದು ಮಾತಿನ ನಡುವೆ ಎರಡು ಸಲವಾದರೂ ಹೇಳದೆ ಬಿಡುವವರಲ್ಲ. 80ರ ದಶಕದಲ್ಲಿ ಲಂಡನ್ನಿನಿಂದ ಬಂದ ಸಂಬಂಧಿಕರೊಬ್ಬರು 72ಕ್ಕೆ 1ರ ಅಳತೆಯ, ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ ಕಟ್ಟುವ ಏರ್‌ಫಿಕ್ಸ್ ನ್ಯಾಟ್ ಕಿಟ್ಟನ್ನೂ ಜೊತೆಗೆ ಒಂದು ಬಿಸ್ಕತ್ತಿನ ಡಬ್ಬದ ತುಂಬ ಹಂಬ್ರಾಲ್ ಎನಾಮೆಲ್ ಬಣ್ಣಗಳನ್ನೂ ತಂದುಕೊಟ್ಟಿದ್ದರು. ಒಂದೊಂದು ಡಬ್ಬಿ 14 ಮಿಲಿಲೀಟರಿನದು, ಹೆಬ್ಬೆರಳಿನ ಗಾತ್ರ.

ಹಿರಿಯರು ಮೈಭಾಗವನ್ನು ಅಂಟಿಸಿ, ಬೆಳ್ಳಿ ಬಣ್ಣ ಬಳಿದು, ಮಗಳ ಮದುವೆಯ ಗಡಿಬಿಡಿಯಲ್ಲಿ ಎತ್ತಿಟ್ಟರು. ಆ ಎತ್ತಿಟ್ಟದ್ದು ಅಟ್ಟದ ಮೇಲೆ ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಉಳಿಯಿತು. ರೆಕ್ಕೆಗಳಿಗೆ, ಬಾಲದ ಅಡ್ಡರೆಕ್ಕೆಗಳಿಗೆ ಬಣ್ಣವೇ ಬಿದ್ದಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಡಬ್ಬ ಕೆಳಗಿಳಿಯಿತು. ಇಂಜಿನಿಯರಿಂಗ್ ಓದುವ ಮೊಮ್ಮಗನಿಗೆ ತಾತನ ಕೈಯಲ್ಲೇ ಇದನ್ನು ಮುಗಿಸಬೇಕೆಂಬ ಹಟ ಹುಟ್ಟಿತು. ಹೊಸ ಬಣ್ಣ ತರಿಸೋಣವೆಂದರೆ ಎನಾಮೆಲ್ ಬೆಂಕಿ ಹತ್ತುವ ಸರಕು, ಪ್ರಯಾಣಿಕರ ಸಾಮಾನಿನಲ್ಲಿ ವಿಮಾನ ಹತ್ತಿಸುವಂತಿಲ್ಲ. ಹೊರದೇಶದಲ್ಲಿರುವ ಮಗ ತಂದುಕೊಡುವ ದಾರಿ ಹಾಗೆ ಮುಚ್ಚಿತು. ಇಲ್ಲಿ ಹುಡುಕಿದರೆ ಸಿಗುತ್ತದೆ, ಬೇಕಾದ ನಂಬರಿನ ಬಣ್ಣ ಬೇಕಾದಾಗ ಸಿಗುವುದಿಲ್ಲ. ಹಾಗಾಗಿ ಇದ್ದ ಹತ್ತೊಂಬತ್ತು ಡಬ್ಬಿಗಳನ್ನೇ ಬದುಕಿಸುವುದೆಂದು ಮನೆಯಲ್ಲಿ ತೀರ್ಮಾನವಾಯಿತು.

ಮೊದಲ ಪೆಟ್ಟು

ನನ್ನನ್ನು ಕರೆಯುವ ಹೊತ್ತಿಗೆ ಒಂದು ಅನಾಹುತ ಆಗಿಹೋಗಿತ್ತು. ಆದದ್ದು ಇಷ್ಟು. ಹುಡುಗ ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಪೇಂಟ್ ತೆಳ್ಳಗೆ ಮಾಡಕ್ಕೆ ಥಿನ್ನರ್ ಕೊಡಿ" ಎಂದ. ಅವರು ಕೊಟ್ಟರು. ನಮ್ಮ ಊರಿನ ಅಂಗಡಿಗಳಲ್ಲಿ ಬರೀ ಥಿನ್ನರ್ ಎಂದು ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಎನ್‌ಸಿ ಥಿನ್ನರ್. ಪೀಠೋಪಕರಣಕ್ಕೆ ಹೊಡೆಯುವ ನೈಟ್ರೋಸೆಲ್ಯುಲೋಸ್ ಲ್ಯಾಕರ್‌ಗೆಂದು ಮಾಡಿದ್ದು ಅದು. ಎನಾಮೆಲ್‌ಗೆ ಬೇಕಾದ್ದನ್ನು ಟರ್ಪೆಂಟೈನ್ ಎಂದೋ ಎಂಟಿಒ (ಮಿನರಲ್ ಟರ್ಪೆಂಟೈನ್ ಆಯಿಲ್) ಎಂದೋ ಹೆಸರು ಹಿಡಿದು ಕೇಳಬೇಕು. ಅಂಗಡಿಯವರದು ತಪ್ಪಲ್ಲ, ಕೇಳಿದ್ದನ್ನೇ ಕೊಟ್ಟಿದ್ದಾರೆ.

ಎನ್‌ಸಿ ಥಿನ್ನರಿನಲ್ಲಿ ಟಾಲ್ವೀನ್, ಅಸಿಟೋನ್, ಎಸ್ಟರುಗಳಂಥ ಬಿರುಸಿನ ದ್ರಾವಕಗಳ ಮಿಶ್ರಣವಿರುತ್ತದೆ. ಕಿಟ್ಟಿನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಮಾಡೆಲ್ ಅಂಟಿಸುವ ಅಂಟು ಕೆಲಸ ಮಾಡುವುದೇ ಇಂಥ ದ್ರಾವಕಗಳು ಪಾಲಿಸ್ಟೈರೀನನ್ನು ಕರಗಿಸುವುದರಿಂದ. ಹುಡುಗ ಆ ಥಿನ್ನರನ್ನು ನೇರವಾಗಿ ಬೆಳ್ಳಿ ಡಬ್ಬಿಗೇ, 11ನೇ ನಂಬರಿಗೇ ಹುಯ್ದ. ಐದೇ ನಿಮಿಷದಲ್ಲಿ ಬಣ್ಣ ಎಷ್ಟು ಚೆಂದ ಕರಗಿತೆಂದರೆ, "ಅಂಕಲ್, ಮ್ಯಾಜಿಕ್ ಅನ್ಕೊಂಡೆ" ಅಂದ. ಅದನ್ನು ಬಾಲದ ಒಂದು ಅಡ್ಡರೆಕ್ಕೆಗೆ ಬಳಿದ. ಬರಿಯ ಪ್ಲಾಸ್ಟಿಕ್ ಇದ್ದ ಕಡೆ ಮೈ ಕಚ್ಚಿಹೋಗಿ ಸಿಡುಬಿನ ಕಲೆಯಂತೆ ಗುಳಿ ಬಿದ್ದವು. ಕುಂಚದ ತುದಿ ಮೈಭಾಗದ ಹಳೆಯ ಬೆಳ್ಳಿಗೆ ತಾಗಿದ ಕಡೆ ಅದು ಸುಕ್ಕುಗಟ್ಟಿ ಎದ್ದಿತು.

ಡಬ್ಬಿಯ ಒಳಗಿನ ಬಣ್ಣವೂ ಬದಲಾಗಿತ್ತು. ಒಣಗಿದ ಮೇಲೆ ಅದು ಬೆಳ್ಳಿಯಾಗಿರದೆ ಹಳೆಯ ಅಲ್ಯೂಮಿನಿಯಂ ಪಾತ್ರೆಯ ತಳದ ಬೂದು ಬಣ್ಣಕ್ಕೆ ಬಂದಿತ್ತು. ಹಲವು ಬೆಳ್ಳಿ ಬಣ್ಣಗಳಲ್ಲಿ ಅಲ್ಯೂಮಿನಿಯಂ ಚಕ್ಕೆಗಳಿಗೆ ಸ್ಟಿಯರಿಕ್ ಆಮ್ಲದ ಲೇಪ ಕೊಟ್ಟಿರುತ್ತಾರೆ. ಅದರಿಂದ ಚಕ್ಕೆಗಳು ಬಣ್ಣದ ಮೇಲ್ಮೈಗೆ ತೇಲಿ ಹಂಚಿನಂತೆ ಒಂದರ ಪಕ್ಕ ಒಂದು ಕೂರುತ್ತವೆ, ಹೊಳಪು ಬರುತ್ತದೆ. ಬಿರುಸಿನ ದ್ರಾವಕ ಬಿದ್ದರೆ ಆ ತೇಲುವ ಗುಣ ಹೋಗುತ್ತದೆ. ಹೋದದ್ದನ್ನು ಮನೆಯಲ್ಲಿ ಮರಳಿಸುವ ದಾರಿಯಿಲ್ಲ.

ಉಳಿದ ಹದಿನೆಂಟು ಡಬ್ಬಿಗೆ ಅದೇ ಬಾಟಲಿ ಬಗ್ಗಿಸುವ ಮುನ್ನ ಅವನು ನಿಲ್ಲಿಸಿದ್ದಕ್ಕೆ ಕಾರಣ ಅಜ್ಜಿ. ವಾಸನೆಗೆ ತಲೆನೋವು ಬಂದು, ದೇವರ ಮನೆಯಲ್ಲಿ ದೀಪ ಹಚ್ಚಿದೆ, ಅದನ್ನ ಮೊದಲು ಆಚೆ ಎಸಿ ಎಂದು ಬೈದರಂತೆ. ದೀಪದ ವಿಷಯದಲ್ಲಿ ಆಕೆ ಹೇಳಿದ್ದು ನೂರಕ್ಕೆ ನೂರು ಸರಿ. ಆ ಆವಿಗೆ ಒಂದು ಕಿಡಿ ಸಾಕು.

ವಿಂಗಡಣೆ: ಯಾವುದು ಹಾಲು, ಯಾವುದು ಮೊಸರು

ನಾನು ಹೋದ ದಿನ ಯಾವ ಡಬ್ಬಿಗೂ ಒಂದು ಹನಿ ಏನನ್ನೂ ಹಾಕಲಿಲ್ಲ. ಹುಡುಗನಿಗೆ ಅದು ಬೇಸರ. ಆದರೆ ಗಟ್ಟಿಯಾಗಿದೆ ಅನ್ನುವ ಒಂದೇ ಮಾತಿನ ಹಿಂದೆ ಎರಡು ಬೇರೆ ರೋಗ ಅಡಗಿವೆ. ಅದನ್ನು ಬೇರ್ಪಡಿಸದೆ ಮದ್ದು ಹಾಕುವುದು ವ್ಯರ್ಥ.

ಎನಾಮೆಲ್ ಒಣಗುವುದು ಎರಡು ಹೆಜ್ಜೆಯಲ್ಲಿ. ಮೊದಲು ಅದರೊಳಗಿನ ಟರ್ಪೆಂಟೈನ್ ತರಹದ ದ್ರಾವಕ ಹಾರಿಹೋಗುತ್ತದೆ. ಆಮೇಲೆ ಆಲ್ಕಿಡ್ ರಾಳದೊಳಗಿನ ಎಣ್ಣೆಯ ಅಂಶ ಗಾಳಿಯ ಆಮ್ಲಜನಕ ಹಿಡಿದು ಒಂದರೊಳಗೊಂದು ಹೆಣೆದುಕೊಳ್ಳುತ್ತದೆ. ಡಬ್ಬಿಯೊಳಗೆ ಮೊದಲ ಹೆಜ್ಜೆ ಮಾತ್ರ ಆಗಿದ್ದರೆ ಹೋದ ದ್ರಾವಕವನ್ನು ಮರಳಿ ಕೊಟ್ಟರೆ ಬಣ್ಣ ಮರಳುತ್ತದೆ. ಎರಡನೆಯದೂ ಆಗಿಬಿಟ್ಟಿದ್ದರೆ ಟರ್ಪೆಂಟೈನಿನ ಸಮುದ್ರದಲ್ಲಿ ಮುಳುಗಿಸಿದರೂ ಕರಗದು, ಉಬ್ಬಿ ಪುಡಿಯಾದೀತು ಅಷ್ಟೆ. ಇದನ್ನು ಹುಡುಗನಿಗೆ ನಾನು ಉದ್ದಕ್ಕೆ ವಿವರಿಸುತ್ತಿದ್ದರೆ ಒಳಗಿಂದ ಅಜ್ಜಿ, "ಹೆಪ್ಪಾದ ಮೊಸರಿಗೆ ಎಷ್ಟು ನೀರು ಹುಯ್ದರೂ ಮಜ್ಜಿಗೆ ಆಗತ್ತೆ ಕಣೋ, ಹಾಲಾಗತ್ತಾ?" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಬಾಲ್ಕನಿಯಲ್ಲಿ ಹಳೆಯ ಪೇಪರ್ ಹಾಸಿ ಒಂದೊಂದೇ ಮುಚ್ಚಳ ತೆಗೆದೆವು. ಐದು ಡಬ್ಬಿ ತಟ್ಟಿದರೆ ಟಕ್ ಎನ್ನುವಷ್ಟು ಕಲ್ಲಾಗಿದ್ದವು. ನಾಲ್ಕರಲ್ಲಿ ಬಣ್ಣ ರಬ್ಬರಿನಂತೆ, ಒತ್ತಿದರೆ ಬೆರಳನ್ನು ಹಿಂದಕ್ಕೆ ತಳ್ಳುತ್ತಿತ್ತು. ಏಳರಲ್ಲಿ ಮೇಲೆ ಕೆನೆ ಕಟ್ಟಿತ್ತು, ಕಡ್ಡಿ ಚುಚ್ಚಿದರೆ ಅಡಿಯಲ್ಲಿ ಇನ್ನೂ ದ್ರವ. ಉಳಿದ ಮೂರು ಅನುಮಾನದವು: ಬೆಳ್ಳಿ, 33ನೇ ನಂಬರಿನ ಮಂದ ಕಪ್ಪು, 60ನೇ ನಂಬರಿನ ಮಂದ ಕೆಂಪು. ಬೆಳ್ಳಿಯ ಕತೆ ಆಗಲೇ ಹೇಳಿದೆ. ಕಪ್ಪೂ ಕೆಂಪೂ ಹಲ್ವದ ಹದಕ್ಕೆ ಬಂದಿದ್ದವು.

ಅನುಮಾನ ಬಂದ ಕಡೆ ನಾನು ಮಾಡುವ ಪರೀಕ್ಷೆ ಸರಳ. ಕಡಲೆಕಾಳಿನಷ್ಟು ಬಣ್ಣವನ್ನು ನೀರಿನ ಬಾಟಲಿಯ ಮುಚ್ಚಳಕ್ಕೆ ತೆಗೆದು, ನಾಲ್ಕೈದು ಹನಿ ಟರ್ಪೆಂಟೈನ್ ಬಿಟ್ಟು, ಮೇಲೆ ಇನ್ನೊಂದು ಮುಚ್ಚಳ ಬೋರಲು ಹಾಕಿ ರಾತ್ರಿ ಬಿಡುವುದು. ಬೆಳಗ್ಗೆ ಕಡ್ಡಿಯಲ್ಲಿ ಎತ್ತಿದಾಗ ಎಳೆಯಾಗಿ ಇಳಿದರೆ ಜೀವ ಇದೆ. ಉಪ್ಪಿಟ್ಟಿನ ಹಾಗೆ ಉದುರಿದರೆ ಇಲ್ಲ. ರಬ್ಬರಾಗಿದ್ದ ನಾಲ್ಕಕ್ಕೂ ಇದನ್ನೇ ಮಾಡಿದೆವು, ಹಿರಿಯರ ಮನಸ್ಸಿನ ಸಮಾಧಾನಕ್ಕೆ. ನಾಲ್ಕೂ ಉದುರಿದವು. ಕಪ್ಪು, ಕೆಂಪು ಎಳೆಯಾದವು. ಹತ್ತೊಂಬತ್ತರಲ್ಲಿ ಒಂಬತ್ತನ್ನು ಆ ಬೆಳಗ್ಗೆಯೇ ಕೈಬಿಟ್ಟೆವು. ಇದಕ್ಕೆ ಒಪ್ಪಿಸುವುದೇ ಈ ಇಡೀ ಕೆಲಸದಲ್ಲಿ ಕಷ್ಟದ ಭಾಗ. ಹಿರಿಯರು ಕಲ್ಲಾದ ಡಬ್ಬಿಗಳನ್ನೂ ಒರೆಸಿ ಮತ್ತೆ ಸಾಲಾಗಿ ಇಡುತ್ತಿದ್ದರು.

ಸತ್ತ ಬಣ್ಣವನ್ನು ಕೆರೆದು ಪುಡಿ ಮಾಡಿ ಬಳಸೋಣವೇ ಎಂದು ಹುಡುಗ ಕೇಳಿದ. ಬೇಡವೆಂದೆ. ಹಳೆಯ ಹಳದಿ, ಹಸಿರು, ಕೆಂಪು ಎನಾಮೆಲ್‌ಗಳಲ್ಲಿ ಸೀಸದ ವರ್ಣಕ, ಅಂದರೆ ಬಣ್ಣ ಕೊಡುವ ಪುಡಿ, ಇರುವ ಸಾಧ್ಯತೆ ಇದೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಬಂದದ್ದೇ 2016ರಲ್ಲಿ. ಅದಕ್ಕೂ ಎಷ್ಟೋ ವರ್ಷ ಹಿಂದಿನ ಡಬ್ಬಿಯ ಪುಡಿ ಮೂಗಿಗೆ ಹೋಗುವುದು ಯಾರಿಗೂ ಬೇಕಿಲ್ಲ.

ಬದುಕಿಸಿದ್ದು

ಕೆನೆ ಕಟ್ಟಿದ ಏಳು ಡಬ್ಬಿಗಳಲ್ಲಿ ಕೆಲಸ ಬೇಗ ಮುಗಿಯಿತು. ಬ್ಲೇಡಿನ ತುದಿಯಿಂದ ಅಂಚಿನ ಸುತ್ತ ಕೊಯ್ದು ಕೆನೆಯನ್ನು ಇಡಿಯಾಗಿ ಎತ್ತಬೇಕು. ತಾಳ್ಮೆ ಕೆಟ್ಟು ಕಡ್ಡಿಯಲ್ಲಿ ಕಲಕಿದರೆ ಅದು ಚೂರು ಚೂರಾಗಿ ಬಣ್ಣದೊಳಗೆ ಸೇರಿ, ಆಮೇಲೆ ವಿಮಾನದ ರೆಕ್ಕೆಯ ಮೇಲೆ ಗುಳ್ಳೆಯಂತೆ ಏಳುತ್ತದೆ. ಹುಡುಗ ಎರಡರಲ್ಲಿ ಕಲಕಿಬಿಟ್ಟಿದ್ದ. ಅವನ್ನು ಹಳೆಯ ನೈಲಾನ್ ಸಾಕ್ಸಿನ ಎರಡು ಪದರದಲ್ಲಿ ಸೋಸಬೇಕಾಯಿತು. ಸೋಸಿದ ಮೇಲೂ ಒಂದರಲ್ಲಿ ಕಣ ಉಳಿಯಿತು. ಅದನ್ನು ಚಕ್ರದ ಗೂಡಿನ ಒಳಭಾಗಕ್ಕೆ, ಯಾರೂ ನೋಡದ ಕಡೆ ಬಳಸಿದೆವು.

ಬಹುಪಾಲು ಡಬ್ಬಿಗಳಲ್ಲಿ ಮೇಲೆ ತಿಳಿಯಾದ ಎಣ್ಣೆಯಂಥದ್ದು ನಿಂತಿತ್ತು. ಹಿಂದೆ ಹಿರಿಯರು ಇದನ್ನು ಹೆಚ್ಚಾದ ಎಣ್ಣೆ ಎಂದು ಬಗ್ಗಿಸಿ ಚೆಲ್ಲುತ್ತಿದ್ದರಂತೆ. ಮಂದ ಬಣ್ಣ ಇನ್ನಷ್ಟು ಮಂದವಾಗಲಿ ಎಂದು ಸ್ವಲ್ಪ ಚೆಲ್ಲುವವರು ಇದ್ದಾರೆ, ನನಗೆ ಆ ಅಭ್ಯಾಸವಿಲ್ಲ. ಆ ತಿಳಿಯಲ್ಲೇ ರಾಳ ಇರುವುದು, ವರ್ಣಕವನ್ನು ಹಿಡಿದು ಅಂಟಿಸುವುದು ಅದೇ. ಕೆಂಪು ಡಬ್ಬಿ ಇದಕ್ಕೆ ಸಾಕ್ಷಿಯಾಗಿ ಎದುರಿಗೇ ಇತ್ತು. ಅದರ ತಿಳಿಯನ್ನು ಎಂದೋ ಚೆಲ್ಲಿಯಾಗಿತ್ತು. ಟರ್ಪೆಂಟೈನ್ ಕೊಟ್ಟಾಗ ಹದಕ್ಕೆ ಬಂತು, ಚಮಚದ ಮೇಲೆ ಬಳಿದರೆ ಒಣಗಿತು, ಬೆರಳಲ್ಲಿ ಉಜ್ಜಿದರೆ ಕುಂಕುಮದಂತೆ ಬಂದುಬಿಟ್ಟಿತು. ಕೊನೆಗೆ ಅದೇ ಜಾತಿಯ ಹೊಳಪಿನ ಕೆಂಪು ಎನಾಮೆಲ್ ನನ್ನ ಬಳಿ ಇದ್ದದ್ದನ್ನು ಸ್ವಲ್ಪ ಬೆರೆಸಿ ರಾಳ ಕೊಟ್ಟೆವು. ಮಂದತನ ಕಡಿಮೆಯಾಯಿತು, ಹಿಡಿತ ಬಂತು.

ತಳದ ಗಸಿಯದು ಇನ್ನೊಂದು ಪಾಠ. ಮಂದ ಬಣ್ಣಗಳಲ್ಲಿ ಹೊಳಪು ಕೊಲ್ಲುವ ಪುಡಿ ವರ್ಣಕದ ಜೊತೆ ತಳಕ್ಕಿಳಿದು ಗಾರೆಯಂತೆ ಕಚ್ಚಿರುತ್ತದೆ. ಅದನ್ನು ಎಬ್ಬಿಸದೆ ಮೇಲಿನದನ್ನಷ್ಟೇ ತೆಳ್ಳಗೆ ಮಾಡಿ ಬಳಿದರೆ ಮಂದ ಕಪ್ಪು ಬಳಿದ ಕಡೆ ಬೂಟ್ ಪಾಲಿಶ್ ಹೊಳಪು ಬರುತ್ತದೆ. ಐಸ್‌ಕ್ಯಾಂಡಿ ಕಡ್ಡಿಯ ತುದಿಯನ್ನು ಚಪ್ಪಟೆಗೆ ಕೊಯ್ದು, ತಳ ಕೆರೆದು, ಡಬ್ಬಿಯ ಗೋಡೆಗೆ ಒತ್ತಿ ಒತ್ತಿ ನಾದಿದೆವು. ಚಟ್ನಿ ಅರೆಯುವ ತಾಳ್ಮೆ ಬೇಕು. ಮಗುವಿನ ಔಷಧಿಯ ಡ್ರಾಪರಿನಲ್ಲಿ ಒಂದು ಸಲಕ್ಕೆ ಹತ್ತು ಹನಿ ಟರ್ಪೆಂಟೈನ್, ಕಲಕು, ಮುಚ್ಚಿ ಅರ್ಧ ಗಂಟೆ ಬಿಡು, ಮತ್ತೆ ಹತ್ತು ಹನಿ. 14 ಮಿಲಿಲೀಟರಿನ ಡಬ್ಬಿಗೆ ಒಮ್ಮೆಗೇ ಒಂದು ಚಮಚ ಹುಯ್ದರೆ ಗಸಿ ಗೆಡ್ಡೆಯಾಗಿ ನಿಂತು ಸುತ್ತ ಬರೀ ನೀರಾಗುತ್ತದೆ.

ಕಪ್ಪು ಮಾತ್ರ ಬಗ್ಗಲಿಲ್ಲ. ಬಕೆಟ್ಟಿನಲ್ಲಿ ಸ್ನಾನದ ಹದದ ಬಿಸಿನೀರು ತಂದು, ಒಲೆಯಿಂದ ದೂರ ಬಾಲ್ಕನಿಯಲ್ಲಿ, ಮುಚ್ಚಳ ಸಡಿಲವಾಗಿ ಇಟ್ಟು ಡಬ್ಬಿಯನ್ನು ಅದರಲ್ಲಿ ಅರ್ಧ ಮುಳುಗಿಸಿದೆವು. ಬೆಚ್ಚಗಾದಾಗ ರಾಳ ಸಡಿಲವಾಗುತ್ತದೆ. ಆಮೇಲೆ ಸೈಕಲ್ ಅಂಗಡಿಯಿಂದ ತಂದ ಎರಡು ಬೇರಿಂಗ್ ಗುಂಡು ಒಳಗೆ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಟಿವಿ ನೋಡುತ್ತ ಕುಲುಕಿದವರು ಹಿರಿಯರು. ಕೈ ನಡುಗುತ್ತದೆ ಎಂಬ ಕಾರಣಕ್ಕೆ ಕುಂಚ ಹಿಡಿಯಲು ಹಿಂಜರಿಯುತ್ತಿದ್ದವರಿಗೆ ಆ ಕೆಲಸ ಒಗ್ಗಿತು. "ಇದಕ್ಕೆ ನನ್ನ ಕೈಯೇ ಸರಿ" ಎಂದು ನಕ್ಕರು.

ಸೀಮೆಎಣ್ಣೆಯ ಸಲಹೆಯೂ ಬಂತು, ಮನೆಗೆ ಬಣ್ಣ ಹೊಡೆಯಲು ಬಂದಿದ್ದ ಮೇಸ್ತ್ರಿಯಿಂದ. ಕಿಟಕಿಯ ಸರಳಿಗೆ ನಡೆದೀತು. ಅದು ನಿಧಾನವಾಗಿ ಆರುತ್ತದೆ, ಜಿಡ್ಡು ಬಿಡುತ್ತದೆ. ರೆಕ್ಕೆಯಿಂದ ರೆಕ್ಕೆಗೆ ಹತ್ತು ಸೆಂಟಿಮೀಟರಿನ ಆಸುಪಾಸು ಇರುವ ಮಾಡೆಲ್‌ಗೆ ಬೇಡವೆಂದು ನಾನು ಒಪ್ಪಲಿಲ್ಲ.

ಬಳಿಯುವ ಹದ ಎಷ್ಟು? ನನ್ನ ಅಳತೆ ಅಡುಗೆಮನೆಯದು. ಕುಂಚಕ್ಕೆ ಕೆನೆ ಇರುವ ಹಾಲಿನಷ್ಟು, ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ಗೆ ನೀರು ಬೆರೆಸಿದ ಹಾಲಿನಷ್ಟು. ಆದರೆ ಡಬ್ಬಿಯನ್ನು ಆ ಹದಕ್ಕೆ ತರಬಾರದು. ಡಬ್ಬಿಯಲ್ಲಿ ದೋಸೆಹಿಟ್ಟಿನಷ್ಟು ಇದ್ದರೆ ಸಾಕು, ಬಳಿಯುವಾಗ ಬೇಕಾದಷ್ಟನ್ನು ಬೇರೆ ಮುಚ್ಚಳಕ್ಕೆ ತೆಗೆದು ಅಲ್ಲಿ ತೆಳ್ಳಗೆ ಮಾಡಿಕೊಳ್ಳಬೇಕು. ಹುಡುಗನ ನಿಜವಾದ ತಪ್ಪು ಎನ್‌ಸಿ ಥಿನ್ನರ್ ತಂದದ್ದಕ್ಕಿಂತ ಅದನ್ನು ಡಬ್ಬಿಗೇ ಹುಯ್ದದ್ದು ಎಂದು ನನಗೆ ಈಗಲೂ ಅನ್ನಿಸುತ್ತದೆ. ಮುಚ್ಚಳಕ್ಕೆ ಹಾಕಿದ್ದರೆ ಕಡಲೆಕಾಳಿನಷ್ಟು ಬೆಳ್ಳಿ ಹೋಗುತ್ತಿತ್ತು, ಡಬ್ಬಿ ಉಳಿಯುತ್ತಿತ್ತು.

ಬೆಳ್ಳಿಯ ಪ್ರಶ್ನೆ

ಒಂಬತ್ತು ಬಣ್ಣ ಬದುಕಿದವು. ವಿಮಾನಕ್ಕೆ ಮುಖ್ಯವಾಗಿ ಬೇಕಿದ್ದ ಬೆಳ್ಳಿ ಮಾತ್ರ ಬೂದಿಯಾಗಿ ಕೂತಿತ್ತು. ಪರಿಚಯದ ಮಾಡೆಲಿಗರೊಬ್ಬರು ತಮ್ಮ ಅರ್ಧ ಡಬ್ಬಿ 11ನೇ ನಂಬರನ್ನು ಕೊಟ್ಟರು. ಚಮಚದ ಮೇಲೆ ಬಳಿದು ಮೈಭಾಗದ ಪಕ್ಕ ಹಿಡಿದರೆ ಹೊಂದಲಿಲ್ಲ. ಹೊಸದು ಪಳಪಳ, ಹಳೆಯದು ಕಾಲು ಶತಮಾನದ ಧೂಳು ತಿಂದು ತಣ್ಣಗಾಗಿತ್ತು.

ನನ್ನ ಸಲಹೆ ಇಡೀ ವಿಮಾನಕ್ಕೆ ಹೊಸ ಬೆಳ್ಳಿ ಬಳಿಯುವುದಾಗಿತ್ತು. ಹುಡುಗನದೂ ಅದೇ. ಹಿರಿಯರು ತುಂಬ ಹೊತ್ತು ಮಾತಾಡಲಿಲ್ಲ. ಮೈಭಾಗದ ಮೇಲಿನದು ತಮ್ಮ ಕೈ ನೆಟ್ಟಗಿದ್ದಾಗಿನ ಕೆಲಸ ಎಂದು ಹೇಳಲಿಲ್ಲ, ನನಗೂ ಆಗ ಹೊಳೆಯಲಿಲ್ಲ. ಆಮೇಲೆ ಹೇಳಿದ್ದು ಇಷ್ಟು: "ನೀವಿಬ್ಬರೂ ನಿಜವಾದ ವಿಮಾನ ಹತ್ತಿರದಿಂದ ನೋಡಿಲ್ಲ. ಬಣ್ಣ ಬಳಿಯದ ವಿಮಾನದಲ್ಲಿ ಒಂದೊಂದು ತಗಡು ಒಂದೊಂದು ಥರ ಕಾಣತ್ತೆ. ಎಂಜಿನ್ ಬಿಸಿ ಬಡಿಯೋ ಕಡೆ ಅಂತೂ ಈ ಡಬ್ಬಿಲಿರೋ ಬೂದಿ ಬಣ್ಣನೇ."

ಮಾತು ಸರಿ. ಒಂದೇ ಲೋಹವಾದರೂ ಬೇರೆ ಬೇರೆ ಮಿಶ್ರಲೋಹ, ತಗಡನ್ನು ಒತ್ತಿ ಉರುಳಿಸಿದ ಬೇರೆ ದಿಕ್ಕು, ಬೇರೆ ಬಿಸಿ ಸೇರಿ ಬರಿಯ ಲೋಹದ ವಿಮಾನದ ಮೈ ತೇಪೆ ಹಚ್ಚಿದಂತೆಯೇ ಕಾಣುತ್ತದೆ. ಪ್ರಕರಣ ತಿರುಗಿದ್ದು ಇಲ್ಲಿ. ಹಾಳಾದ ಬೆಳ್ಳಿಗೆ ಜಾಗ ಸಿಕ್ಕಿತು.

ಆದರೆ ಆ ಡಬ್ಬಿಯೊಳಗೆ ಎನ್‌ಸಿ ಥಿನ್ನರ್ ಇನ್ನೂ ಇತ್ತು. ಹಾಗೇ ಬಳಿದರೆ ಇನ್ನೊಂದು ರೆಕ್ಕೆಗೂ ಸಿಡುಬು. ಬೇಕಾದಷ್ಟನ್ನೇ ಉಕ್ಕಿನ ತಟ್ಟೆಗೆ ಸುರಿದು, ತಾರಸಿಯ ನೆರಳಿನಲ್ಲಿ, ಗಾಳಿಗೆ ಬಿಟ್ಟೆವು. ಬಿರುಸಿನ ದ್ರಾವಕಗಳು ಬೇಗ ಹಾರುತ್ತವೆ. ಪಕ್ಕದಲ್ಲೇ ಕೂತು ಕಾಯಬೇಕು, ಮರೆತರೆ ಕೆನೆ ಕಟ್ಟಿ ಎಲ್ಲ ಮೊದಲಿನಿಂದ. ಲೇಹ್ಯದ ಹದಕ್ಕೆ ಬಂದಾಗ ಟರ್ಪೆಂಟೈನ್ ಕೊಟ್ಟು ಮರಳಿ ಕಲಸಿದೆವು. ಮದುವೆ ಮನೆಯಲ್ಲಿ ಉಳಿದ ಪ್ಲಾಸ್ಟಿಕ್ ಐಸ್‌ಕ್ರೀಮ್ ಚಮಚಗಳ ಮೇಲೆ ಬಳಿದು ಎರಡು ದಿನ ನೋಡಿದೆವು. ಮೊದಲ ಸಲ ಚಮಚದ ಮೈ ಸ್ವಲ್ಪ ಮಸುಕಾಯಿತು, ಅಂದರೆ ಥಿನ್ನರ್ ಉಳಿದಿತ್ತು. ಎರಡನೆಯ ಸಲ ಇನ್ನೂ ಒಂದು ಗಂಟೆ ಹೆಚ್ಚು ಬಿಟ್ಟೆವು. ಚಮಚ ನುಣುಪಾಗಿಯೇ ಉಳಿಯಿತು.

ಗುಳಿಬಿದ್ದ ಅಡ್ಡರೆಕ್ಕೆಗೆ ಪುಟ್ಟಿ ತುಂಬಿ, ಸಾವಿರ ನಂಬರಿನ ವಾಟರ್ ಪೇಪರಿನಲ್ಲಿ ಒದ್ದೆಯಾಗಿಯೇ ಉಜ್ಜಿದೆವು. ತಗಡುಗಳ ಅಂಚು ತೋರಿಸುವ, ಅಳಿಸಿಹೋದ ಗೆರೆಗಳನ್ನು ಹಿರಿಯರು ನೆನಪಿನಿಂದ ಸೂಜಿಯಲ್ಲಿ ಕೊರೆದರು. ಉದ್ದ ಗೆರೆ ನಡುಗಿತು, ಗಿಡ್ಡ ಗೆರೆಗಳು ನೆಟ್ಟಗೆ ಬಂದವು. ರೆಕ್ಕೆಗಳಿಗೆ ಹೊಸ ಬೆಳ್ಳಿ, ಅದರಲ್ಲಿ ಎರಡು ತಗಡಿನಷ್ಟು ಜಾಗಕ್ಕೆ ಬೂದು ಬೆಳ್ಳಿ, ಹಿಂದಿನ ಎಂಜಿನ್ ಬಾಯಿಯ ಸುತ್ತ ಪೂರ್ತಿ ಬೂದು. ಸುಕ್ಕೆದ್ದ ಹಳೆಯ ಬಣ್ಣ ಅದರ ಅಡಿಯಲ್ಲಿ ಮುಚ್ಚಿಹೋಯಿತು. ಮೈಭಾಗದ ಮಿಕ್ಕ ಬಣ್ಣವನ್ನು ಯಾರೂ ಮುಟ್ಟಲಿಲ್ಲ.

ಈಗಿನ ಸ್ಥಿತಿ

ಬದುಕಿದ ಡಬ್ಬಿಗಳ ಅಂಚನ್ನು ಬಟ್ಟೆಯಲ್ಲಿ ಒರೆಸಿ, ಬಣ್ಣದ ಮೇಲೆ ನಾಲ್ಕು ಹನಿ ಟರ್ಪೆಂಟೈನ್ ಕಲಕದೆ ಬಿಟ್ಟು, ಮುಚ್ಚಳ ಒತ್ತಿ ಬೋರಲು ಇಟ್ಟಿದ್ದಾರೆ. ಅಂಚಿನಲ್ಲಿ ಬಣ್ಣ ಒಣಗಿದ್ದರಿಂದಲೇ ಮುಚ್ಚಳ ಸರಿಯಾಗಿ ಕೂರದೆ ಇಷ್ಟು ವರ್ಷ ಗಾಳಿ ಆಡಿದ್ದು. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯದೆ ತಂತಿಯ ಮೇಲೆ ಹರವಿ ಒಣಗಿಸಿದೆವು. ಒಣಗುವ ಎಣ್ಣೆ ಹೀರಿದ ಬಟ್ಟೆ ಮುದ್ದೆಯಲ್ಲಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಮಿಕ್ಕ ಟರ್ಪೆಂಟೈನ್ ಸಿಂಕಿಗೆ ಹೋಗಲಿಲ್ಲ, ಬಾಟಲಿಯಲ್ಲಿ ತಿಳಿಯಾಗಲು ಬಿಟ್ಟು ಕುಂಚ ತೊಳೆಯಲು ಮತ್ತೆ ಬಳಸುತ್ತಿದ್ದಾರೆ.

ಮೂಗಿನ ಮೇಲಿನ ಕಪ್ಪು ಪಟ್ಟಿಯದೊಂದೇ ತಕರಾರು. ಬಹಳ ವರ್ಷ ನಿಂತ ಬಣ್ಣದಲ್ಲಿ ಬೇಗ ಒಣಗಿಸುವ ಲೋಹದ ಅಂಶ ವರ್ಣಕಕ್ಕೆ ಅಂಟಿಕೊಂಡು ಕೆಲಸಕ್ಕೆ ಬಾರದಂತಾಗುವುದುಂಟು, ಕಪ್ಪಿನಲ್ಲಿ ಹೆಚ್ಚು. ಮೇಲೆ ಬೆಂಗಳೂರಿನ ಮಳೆಗಾಲದ ತಂಪು, ತೇವ ಬೇರೆ. ಬಳಿದು ಹನ್ನೊಂದು ದಿನವಾದ ಮೇಲೆ ಹುಡುಗ ಮೆಸೇಜ್ ಮಾಡಿದ: "ಅಂಕಲ್, ಇನ್ನೂ ಅಂಟತ್ತೆ. ತಾತ ದಿನಾ ಬೆಳಗ್ಗೆ ಮುಟ್ಟಿ ನೋಡ್ತಾರೆ, ಅವರ ಬೆರಳಿನ ಗುರುತೇ ಬಿದ್ದಿದೆ." ಕೆರೆದು ತೆಗೆದು ಹೊಸ ಕಪ್ಪು ಬಳಿಯಲೇ ಎಂದು ಕೇಳಿದ್ದ. ಬಿಸಿಲು ಬರುವವರೆಗೆ ಬಿಡು, ತಾತನಿಗೆ ಮುಟ್ಟಬೇಡಿ ಅಂತ ಹೇಳು ಎಂದು ಬರೆದೆ. ಎರಡನೆಯದನ್ನು ಅವನು ಹೇಳಿಲ್ಲವಂತೆ.